ಮಗ್ಗಿನ ಹಿಡಿಗೆ ಎಷ್ಟು ನಿಮಿಷ? ಕೈಕೆಲಸದ ಮನೆಬಳಕೆ ವಸ್ತುಗಳ ವ್ಯಾಪಾರ ಸೋರುವ ಜಾಗ

ಕೈಯಲ್ಲಿ ಮಾಡಿದ ಮನೆಬಳಕೆ ವಸ್ತುಗಳನ್ನು ಕೊಳ್ಳುವವರೇ ಇಲ್ಲ ಎಂಬ ದೂರು ಈಗ ಹಳತಾಯಿತು. ಮಣ್ಣಿನ ಮಗ್, ಮರದ ಸೌಟು, ಬಿದಿರಿನ ಬುಟ್ಟಿ, ಕೈಮಗ್ಗದ ಟವೆಲ್ಲು ಎಲ್ಲಕ್ಕೂ ಗಿರಾಕಿಗಳಿದ್ದಾರೆ, ಅವರನ್ನು ಮುಟ್ಟುವ ದಾರಿಯೂ ಫೋನಿನಲ್ಲೇ ಇದೆ. ಆದರೂ ಇಂಥ ಸಣ್ಣ ಅಂಗಡಿಗಳು ಎರಡು ಮೂರು ವರ್ಷ ನಡೆದು ಸದ್ದಿಲ್ಲದೆ ಮುಚ್ಚುತ್ತವೆ. ಮುಚ್ಚುವ ಹೊತ್ತಿಗೆ ಎಷ್ಟೋ ಸಲ ಆರ್ಡರ್ ಪುಸ್ತಕ ತುಂಬಿಯೇ ಇರುತ್ತದೆ. ಮಾಡುವವರ ಬೆನ್ನು ಬಿದ್ದುಹೋಗಿರುತ್ತದೆ, ಬ್ಯಾಂಕಿನ ಖಾತೆ ಮಾತ್ರ ಮೊದಲಿದ್ದಲ್ಲೇ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಕಾರ್ಖಾನೆಯ ನಕಲು ಮತ್ತು ಆನ್‌ಲೈನ್ ಮಾರುಕಟ್ಟೆಯ ಕಮಿಷನ್. ಎರಡೂ ಸುಳ್ಳಲ್ಲ. ಕೈಕೆಲಸಕ್ಕೆಂದೇ 2005ರಲ್ಲಿ ಶುರುವಾದ ಆನ್‌ಲೈನ್ ಮಾರುಕಟ್ಟೆ ಎಟ್ಸಿಯ ಚರಿತ್ರೆ ನೋಡಿದರೆ ಸಾಕು. 2013ರಲ್ಲಿ ಅದು ನಿಯಮ ಸಡಿಲಿಸಿ, ಹೊರಗಿನ ತಯಾರಕರಿಂದ ಮಾಡಿಸಿಯೂ ಮಾರಬಹುದು ಎಂದಿತು. 2022ರ ಏಪ್ರಿಲ್‌ನಲ್ಲಿ ಮಾರಾಟ ಶುಲ್ಕವನ್ನು ಶೇ 5ರಿಂದ ಶೇ 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ವಾರ ಕಾಲ ಆನ್‌ಲೈನ್ ಅಂಗಡಿಗೆ ಬೀಗ ಹಾಕಿ ಪ್ರತಿಭಟಿಸಿದರು. 2024ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ವಸ್ತುವಿಗೂ ನಾಲ್ಕರಲ್ಲಿ ಒಂದು ಗುರುತು ಬೇಕು: ಮಾರುವವರೇ ಮಾಡಿದ್ದು, ಅವರು ವಿನ್ಯಾಸ ಮಾಡಿದ್ದು, ಅವರು ಆರಿಸಿ ತಂದದ್ದು, ಅಥವಾ ಕೈಕೆಲಸಕ್ಕೆ ಬೇಕಾದ ಸಾಮಗ್ರಿಯಾಗಿ ಒದಗಿಸಿದ್ದು. ಇವೆಲ್ಲ ಒಂದೇ ಜಾಲತಾಣದಲ್ಲಿ, ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂರುತ್ತವೆ ಎಂದರೆ 'ಕೈಕೆಲಸ' ಎಂಬ ಮಾತು ಎಷ್ಟು ಸವೆದಿದೆ ಎಂಬುದು ಗೊತ್ತಾಗುತ್ತದೆ. ಆ ಮಾತನ್ನು ನೆಚ್ಚಿಕೊಂಡು ಹೆಚ್ಚು ಬೆಲೆ ಕೇಳುವುದು ಈಗ ಕಷ್ಟ. ಏನನ್ನು ಕೈಯಲ್ಲಿ ಮಾಡಿದ್ದು, ಏನನ್ನು ಯಂತ್ರದಲ್ಲಿ ಎಂದು ಬಿಡಿಸಿ ಬರೆಯುವವರನ್ನು ಗಿರಾಕಿ ಬೇಗ ನಂಬುತ್ತಾನೆ. 'ಹಲಗೆ ಸೀಳಿದ್ದು ಯಂತ್ರದಲ್ಲಿ, ಆಕಾರ ಕೊಟ್ಟದ್ದು ಉಳಿಯಲ್ಲಿ' ಎಂದು ಬರೆದರೆ ಮಾನ ಹೋಗುವುದಿಲ್ಲ.

ಆದರೆ ನಕಲಾಗಲಿ ಕಮಿಷನ್ನಾಗಲಿ ಹೊರಗಿನ ಪೆಟ್ಟು. ಅದಕ್ಕಿಂತ ಮೊದಲೇ ವ್ಯಾಪಾರವನ್ನು ಒಳಗಿಂದ ತಿನ್ನುವುದು ಒಂದು ತಪ್ಪು ಲೆಕ್ಕ: ಸಾಮಾನಿನ ಅಸಲು ಹಿಡಿದು ಬೆಲೆ ಕಟ್ಟುವುದು. ಮಣ್ಣಿಗೆ ಇಷ್ಟಾಯಿತು, ಮೂರು ಪಟ್ಟು ಮಾಡಿ ಮಾರೋಣ ಎಂಬ ಲೆಕ್ಕ ಕೊಂಡು ಮಾರುವ ಅಂಗಡಿಗೆ ಸರಿ. ಮಾಡಿ ಮಾರುವವರಿಗೆ ಮಣ್ಣು, ಮರ, ನೂಲು ಎಲ್ಲವೂ ಸೇರಿ ಖರ್ಚಿನ ಸಣ್ಣ ಪಾಲು. ದೊಡ್ಡ ಪಾಲು ಹೊತ್ತು. ಹಾಗಾಗಿ ಲೆಕ್ಕವನ್ನು ದುಡ್ಡಿನಲ್ಲಿ ಶುರು ಮಾಡದೆ ನಿಮಿಷದಲ್ಲಿ ಶುರು ಮಾಡಬೇಕು.

ಒಂದು ಮಗ್, ಎಷ್ಟು ನಿಮಿಷ

ಸ್ಟೋನ್‌ವೇರ್ ಎಂಬ, ಹೆಚ್ಚು ಕಾವಿನಲ್ಲಿ ಸುಡುವ ಮಣ್ಣಿನಲ್ಲಿ ಮಾಡಿದ, ಹಿಡಿಯಿರುವ ಮಗ್ ತೆಗೆದುಕೊಳ್ಳೋಣ. ಒಂದು ಮಗ್ ತಿರುಗಿಸಲು ಎಷ್ಟು ಹೊತ್ತು ಎಂದು ಪಳಗಿದ ಕೈಯನ್ನು ಕೇಳಿ, 'ಐದು ನಿಮಿಷ' ಎನ್ನುತ್ತಾರೆ. ತಿಗುರಿಯ ಮೇಲೆ ಹೌದು, ಐದೇ ನಿಮಿಷ. ಈಗ 24 ಮಗ್‌ಗಳ ಒಂದು ಕಂತನ್ನು ಗಡಿಯಾರ ಹಿಡಿದು ಬರೆದುಕೊಳ್ಳಿ.

ಮಣ್ಣು ನಾದಿ, ತಲಾ 400 ಗ್ರಾಂ ತೂಗಿ, 24 ಉಂಡೆ ಕಟ್ಟಲು 40 ನಿಮಿಷ. ತಿರುಗಿಸಲು 120. ಮಾರನೆಯ ದಿನ ಮಣ್ಣು ಗಿಣ್ಣಿನಷ್ಟು ಗಟ್ಟಿಯಾದಾಗ ಬುಡ ಕೆತ್ತಲು ತಲಾ 4 ನಿಮಿಷದಂತೆ 96. ಹಿಡಿ ಎಳೆದು, ಗೀರಿ, ನೀರುಮಣ್ಣು ಹಚ್ಚಿ ಕೂರಿಸಲು ತಲಾ 6 ನಿಮಿಷದಂತೆ 144. ಒಣಗುವಾಗ ಮಗುಚಿ ಸ್ಪಂಜಿನಲ್ಲಿ ಒರೆಸಲು 24. ಮೊದಲ ಸುಡುವಿಕೆಗೆ ಗೂಡಿಗೆ ತುಂಬಿ ಇಳಿಸಲು 40. ಬುಡಕ್ಕೆ ಮೇಣ ಹಚ್ಚಿ, ಸುಟ್ಟಾಗ ಗಾಜಿನಂಥ ಹೊದಿಕೆಯಾಗುವ ಗ್ಲೇಜ್‌ನಲ್ಲಿ ಅದ್ದಲು 96. ಎರಡನೆಯ ಸುಡುವಿಕೆಗೆ ತುಂಬಿ ಇಳಿಸಲು 50. ಬುಡ ಉಜ್ಜಿ, ಬಿರುಕು ನೋಡಿ, ವಿಂಗಡಿಸಲು 30. ಒಟ್ಟು 640 ನಿಮಿಷ.

ಇದನ್ನು 24ರಿಂದ ಭಾಗಿಸಬಾರದು. ಒಂದರ ಹಿಡಿ ಬುಡದಲ್ಲಿ ಸೀಳಿರುತ್ತದೆ, ಇನ್ನೊಂದರ ಗ್ಲೇಜ್ ಹರಿದು ಹಲಗೆಗೆ ಅಂಟಿರುತ್ತದೆ, ಮತ್ತೊಂದಕ್ಕೆ ಸೂಜಿಮೊನೆಯಷ್ಟು ತೂತು. ಮೂರು ಹೋದವು ಎಂದರೆ ಮಾರಲು ಸಿಕ್ಕಿದ್ದು 21. ಈಗ ತಲಾ ಮೂವತ್ತು ನಿಮಿಷ. ಇಲ್ಲಿಗೆ ಮುಗಿಯಲಿಲ್ಲ. ಗಿರಾಕಿಯ ಪ್ರಶ್ನೆಗೆ ಉತ್ತರ ಕೊಡಲು 4, ಸುತ್ತಿ ಪೆಟ್ಟಿಗೆ ಕಟ್ಟಲು 12, ಕೊರಿಯರ್‌ಗೆ ಮುಟ್ಟಿಸಲು ತಲಾ 5 ನಿಮಿಷ ಹಿಡಿದರೆ ಮಾರಾಟದ ಕೆಲಸವೇ 21 ನಿಮಿಷ. ಗೂಡಿನ ಹಲಗೆ ಕೆರೆಯುವುದು, ಉಳಿದ ಮಣ್ಣು ಮತ್ತೆ ಹದ ಮಾಡುವುದು, ಸಾಮಾನು ತರುವುದು, ಲೆಕ್ಕ ಬರೆಯುವುದು, ಫೋಟೊ ಇವನ್ನೆಲ್ಲ ಹಂಚಿದರೆ ಇನ್ನೊಂದು 9. ಐದು ನಿಮಿಷದ ಮಗ್ ಅರವತ್ತು ನಿಮಿಷದ್ದಾಯಿತು.

ಈ ಅಂಕಿಗಳು ಒಂದು ಮಾದರಿ, ಅಷ್ಟೆ. ಪ್ರತಿ ಕೈಯ ವೇಗ ಬೇರೆ. ಆದರೆ ಅಂದಾಜಿನ ಮೇಲೆ ಬರೆದ ಪಟ್ಟಿ ಕೆಲಸಕ್ಕೆ ಬಾರದು. ಮೂರು ಕಂತುಗಳನ್ನಾದರೂ ಗಡಿಯಾರ ನೋಡಿ ಬರೆಯಬೇಕು, ಒಡೆದದ್ದನ್ನೂ ಸೇರಿಸಿ. ಎಲ್ಲರೂ ಮರೆಯುವುದು ಎರಡನ್ನು: ಒಡೆದ ಮಾಲಿಗೆ ಹಾಕಿದ ಹೊತ್ತು ಮತ್ತು ಪ್ಯಾಕಿಂಗ್.

ಇನ್ನು ಬೆಲೆ. ಬೆಲೆಯನ್ನೂ ನಿಮಿಷದಲ್ಲೇ ಇಟ್ಟುಕೊಂಡರೆ ಯಾವ ಊರಿನವರಿಗೂ ಲೆಕ್ಕ ಸಲೀಸು. ಕೊನೆಗೆ ನಿಮ್ಮ ಒಂದು ನಿಮಿಷದ ಕೂಲಿಯಿಂದ ಗುಣಿಸಿದರಾಯಿತು. ದುಡಿಮೆ 60. ಮಣ್ಣು, ಗ್ಲೇಜ್, ಗೂಡಿನ ವಿದ್ಯುತ್ತು, ಪೆಟ್ಟಿಗೆ ಎಲ್ಲ ಸೇರಿ 14 ನಿಮಿಷದ ಬೆಲೆಯಷ್ಟು ಎನ್ನೋಣ. ಬಾಡಿಗೆ, ಗೂಡಿನ ತಂತಿ ಮತ್ತು ಹಲಗೆಗಳ ಸವಕಳಿಗೆ 11. ಅಸಲೇ 85. ಇದನ್ನು 100ಕ್ಕೆ ಮಾರಿ, ಜಾಲತಾಣದ ಮತ್ತು ಹಣ ಪಾವತಿಯ ಶುಲ್ಕ ಸೇರಿ ಶೇ 12 ಹೋದರೆ ಕೈಗೆ 88. ಬರೀ 3 ಉಳಿತಾಯ. ಬಿಗಿ, ಆದರೆ ಮುಳುಗಿಲ್ಲ.

ಅಷ್ಟರಲ್ಲಿ ಒಂದು ಅಂಗಡಿಯವರು ಬಂದು 60 ಮಗ್ ಬೇಕು ಎನ್ನುತ್ತಾರೆ.

ಸಗಟು ಎಂಬ ಸಂಭ್ರಮ

ಮನೆಸಾಮಾನಿನ ಚಿಲ್ಲರೆ ಅಂಗಡಿಗಳು ಸಾಮಾನ್ಯವಾಗಿ ಮಾರುವ ಬೆಲೆಯ ಅರ್ಧಕ್ಕೆ ಕೊಳ್ಳುತ್ತವೆ. ಇದು ದುರಾಸೆಯಲ್ಲ. ಅಂಗಡಿಯ ಬಾಡಿಗೆ, ಕೆಲಸದವರ ಸಂಬಳ, ಮಾರದೆ ಉಳಿಯುವ ದಾಸ್ತಾನು ಎಲ್ಲ ಆ ಇನ್ನರ್ಧದಲ್ಲೇ ಬರಬೇಕು. ನಮ್ಮ ಮಗ್ 100ಕ್ಕೆ ಮಾರುವುದಾದರೆ ಸಗಟು ಬೆಲೆ 50. ಒಟ್ಟಿಗೆ ಕಟ್ಟಿ ಕಳಿಸುವುದರಿಂದ ಮಾರಾಟದ 21 ನಿಮಿಷ 5ಕ್ಕೆ ಇಳಿಯುತ್ತದೆ, ಹಾಗಾಗಿ ಅಸಲು 69. ಪ್ರತಿ ಮಗ್‌ಗೆ 19 ನಿಮಿಷ ಕೈಬಿಟ್ಟಿತು. 60 ಮಗ್‌ಗೆ 1,140 ನಿಮಿಷ, ಅಂದರೆ 19 ಗಂಟೆಯ ಬಿಟ್ಟಿ ಚಾಕರಿ. ಆರ್ಡರ್ ಬಂದ ದಿನ ಮನೆಯಲ್ಲಿ ಸಿಹಿ ಹಂಚಿರುತ್ತಾರೆ ಬೇರೆ.

ಹೆಚ್ಚು ಮಾಡಿದರೆ ಖರ್ಚು ಇಳಿಯುತ್ತದಲ್ಲ ಎಂಬ ವಾದ ಕಾರ್ಖಾನೆಯದು. ಅಲ್ಲಿ ದೊಡ್ಡ ಖರ್ಚು ಅಚ್ಚು ಮತ್ತು ಯಂತ್ರ, ಹತ್ತು ಸಾವಿರಕ್ಕೆ ಹಂಚಿದರೆ ಅದು ಕರಗಿಹೋಗುತ್ತದೆ. ಕೈಕೆಲಸದಲ್ಲಿ ಅರವತ್ತನೆಯ ಹಿಡಿ ಮೊದಲನೆಯದರಷ್ಟೇ ಹೊತ್ತು ಕೇಳುತ್ತದೆ. ಬೆರಳು ದಣಿದಿದ್ದರೆ ತುಸು ಹೆಚ್ಚೇ.

ಸಗಟಿಗೆ ಕೊಡಲೇಬೇಕು ಎಂದರೆ 69ರ ಎರಡರಷ್ಟು, ಅಂದರೆ 138 ಚಿಲ್ಲರೆ ಬೆಲೆಯಾಗಬೇಕು. ಆ ಬೆಲೆಗೆ ಗಿರಾಕಿ ಒಪ್ಪದಿದ್ದರೆ ಎರಡು ದಾರಿ ಇವೆ: ಆ ವಸ್ತುವನ್ನು ಸಗಟಿಗೆ ಕೊಡದಿರುವುದು, ಇಲ್ಲವೇ ವಸ್ತುವನ್ನೇ ಬದಲಿಸುವುದು. ನಿಮಿಷದ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲಿ. 640 ನಿಮಿಷದಲ್ಲಿ 144 ನಿಮಿಷ ತಿಂದದ್ದು ಹಿಡಿ. ಹಿಡಿಯೇ ಇಲ್ಲದ ಲೋಟ ಮಾಡಿದರೆ ಕಂತು 496 ನಿಮಿಷಕ್ಕೆ ಇಳಿಯುತ್ತದೆ. ಹಿಡಿ ಸೀಳುವ ಪ್ರಶ್ನೆ ಇಲ್ಲದ್ದರಿಂದ 24ರಲ್ಲಿ 23 ಉಳಿದರೆ ತಲಾ ಇಪ್ಪತ್ತೊಂದೂವರೆ ನಿಮಿಷ. ಸುಮಾರು 9 ನಿಮಿಷ ಉಳಿಯಿತು, ಸಗಟಿನ ಗಡಿ 138ರಿಂದ 120ಕ್ಕೆ ಬಂತು. ಗೂಡಿನಲ್ಲೂ ಹೆಚ್ಚು ಹಿಡಿಯುತ್ತದೆ, ಪೆಟ್ಟಿಗೆಯಲ್ಲೂ ಹಿಡಿ ಮುರಿಯುವ ಕಾಟವಿಲ್ಲ. ಸಗಟಿಗೆ ಲೋಟ, ನೇರ ಮಾರಾಟಕ್ಕೆ ಮಗ್ ಎಂದು ಗೆರೆ ಎಳೆದುಕೊಂಡವರು ಉಸಿರಾಡುತ್ತಾರೆ.

ಇದೇ ಗೆರೆ ಇನ್ನೊಂದು ಕಡೆಯೂ ಬೇಕು. ಒಂದೇ ಒಂದು ಮಾಡಿದ ವಿಶೇಷ ವಸ್ತುವನ್ನು ಆನ್‌ಲೈನಿನಲ್ಲಿ ಮಾರುವುದು ದುಬಾರಿ. ಬೆಳಕು ಹೊಂದಿಸಿ ಐದಾರು ಫೋಟೊ, ಅಳತೆ, ತೂಕ, ವಿವರಣೆ ಎಲ್ಲ ಸೇರಿ ಮುಕ್ಕಾಲು ಗಂಟೆ ಬೇಕು. ನೂರು ಸಲ ಮಾರುವ ವಿನ್ಯಾಸಕ್ಕೆ ಅದು ಅರ್ಧ ನಿಮಿಷದ ಬಾಬತ್ತು. ಒಂದೇ ಸಲ ಮಾರುವುದಕ್ಕೆ ಪೂರಾ ಅದರ ತಲೆಯ ಮೇಲೆ. ಆದ್ದರಿಂದ ಮತ್ತೆ ಮತ್ತೆ ಮಾಡಬಲ್ಲ ಹತ್ತೋ ಹನ್ನೆರಡೋ ವಿನ್ಯಾಸಗಳು ಆನ್‌ಲೈನಿಗೆ, ಒಂಟಿ ವಸ್ತುಗಳು ಮೇಳದ ಮಳಿಗೆಗೆ. ಅಲ್ಲಿ ಫೋಟೊದ ಹಂಗಿಲ್ಲ, ಗಿರಾಕಿಯೇ ಕೈಯಲ್ಲಿ ಹಿಡಿದು ನೋಡುತ್ತಾನೆ.

ಮಾರಿದ ಮೇಲೆ ಹಣ ಕೊಡುವ ಅಂಗಡಿಗಳ ವಿಷಯ ಬೇರೆ. ಅಲ್ಲಿ ಮಾಡಿದವರ ಪಾಲು ಅರ್ಧಕ್ಕಿಂತ ಹೆಚ್ಚು, ಹಲವು ಕಡೆ ಶೇ 60. ಆದರೆ ಮಾಲು ತಿಂಗಳುಗಟ್ಟಲೆ ಅವರ ಕಪಾಟಿನಲ್ಲಿ, ಬಂಡವಾಳ ನಿಮ್ಮದು. ಒಡೆದರೆ ಯಾರ ತಲೆಗೆ, ಲೆಕ್ಕ ತಿಂಗಳ ಯಾವ ತಾರೀಖಿಗೆ, ಮಾರದೆ ಉಳಿದದ್ದನ್ನು ಯಾರ ಖರ್ಚಿನಲ್ಲಿ ವಾಪಸು ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸದೆ ಮಾಲು ಇಳಿಸಬೇಡಿ.

ಅಡುಗೆಮನೆಯ ಪರೀಕ್ಷೆ

ಗೋಡೆಗೆ ತೂಗುಹಾಕುವ ವಸ್ತುವಿಗೂ ಅಡುಗೆಮನೆಗೆ ಹೋಗುವ ವಸ್ತುವಿಗೂ ಬಹಳ ಅಂತರ. ಎರಡನೆಯದು ದಿನಾ ನೆನೆಯುತ್ತದೆ, ಕಾಯುತ್ತದೆ, ಹುಳಿ ಮುಟ್ಟುತ್ತದೆ, ಉಜ್ಜಿಸಿಕೊಳ್ಳುತ್ತದೆ. ವಾಪಸು ಬರುವ ಒಂದು ಮಾಲು ಅದರ 60 ನಿಮಿಷವನ್ನಷ್ಟೇ ನುಂಗುವುದಿಲ್ಲ. ಬದಲಿ ಮಾಲಿನ ನಿಮಿಷ, ಎರಡು ಸಲದ ಕೊರಿಯರ್, ಕ್ಷಮೆ ಕೇಳುವ ಪತ್ರ ಎಲ್ಲ ಸೇರಿ ಹತ್ತಾರು ಮಗ್‌ಗಳ ಉಳಿತಾಯವನ್ನು ಹೊತ್ತೊಯ್ಯುತ್ತದೆ. ಪರೀಕ್ಷೆಗೆ ಹಾಕುವ ಹೊತ್ತು ಅದಕ್ಕಿಂತ ಅಗ್ಗ.

ಮಣ್ಣಿನ ಪಾತ್ರೆಯಲ್ಲಿ ಮೊದಲು ನೋಡಬೇಕಾದ್ದು ಮೈ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು. ಗ್ಲೇಜ್ ಇಲ್ಲದ, ಪೂರ್ತಿ ಸುಟ್ಟ ತುಂಡನ್ನು ಒಣಗಿಸಿ ತೂಗಿ, 5 ಗಂಟೆ ಕುದಿಸಿ, ಅದೇ ನೀರಿನಲ್ಲಿ 24 ಗಂಟೆ ಬಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಬೇಕು. 412 ಗ್ರಾಂ ಇದ್ದದ್ದು 420 ಆದರೆ ಏರಿದ್ದು 8 ಗ್ರಾಂ, ಅಂದರೆ ಶೇ 1.9. ದಿನಬಳಕೆಗೆ ಇದು ಗಡಿಯ ಹತ್ತಿರ. ಶೇ 4 ಅಥವಾ 5 ಬಂದರೆ ಆ ಲೋಟ ಬುಡದಿಂದ ಜಿನುಗಿ ಮೇಜಿನ ಮೇಲೆ ಉಂಗುರದ ಕಲೆ ಬಿಡುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಒಳಗಿನ ಚಹಾಕ್ಕಿಂತ ಹಿಡಿಯೇ ಹೆಚ್ಚು ಸುಡುತ್ತದೆ. ಮಣ್ಣಿನ ಚೀಲದ ಮೇಲೆ 'ಕೋನ್ 6' (ಕೋನ್ ಎಂದರೆ ಗೊತ್ತಾದ ಕಾವಿಗೆ ಬಾಗುವ ಸಣ್ಣ ಮಣ್ಣಿನ ಶಂಕು, ಸಂಖ್ಯೆ ಅದರ ಕಾವಿನ ಮಟ್ಟ) ಎಂದು ಬರೆದಿದ್ದರೂ ನಿಮ್ಮ ಗೂಡು ಅಷ್ಟು ಕಾದಿದೆಯೇ ಎಂಬುದಕ್ಕೆ ಪರದೆಯ ಮೇಲಿನ ಡಿಗ್ರಿ ಸಾಕ್ಷಿಯಲ್ಲ. ಪ್ರತಿ ಹಲಗೆಯ ಮೇಲೂ ಒಂದು ಕೋನ್ ಇಟ್ಟು ಅದು ಬಾಗಿದ್ದನ್ನು ನೋಡಬೇಕು. ಮೇಲಿನ ಹಲಗೆಗೂ ಕೆಳಗಿನದಕ್ಕೂ ಒಂದು ಕೋನ್‌ನಷ್ಟು ವ್ಯತ್ಯಾಸ ಬರುವುದು ಅಪರೂಪವೇನಲ್ಲ.

ಎರಡನೆಯದು ಗ್ಲೇಜ್‌ನ ಕೂದಲು ಬಿರುಕು. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಮೈಮೇಲೆ ಬಲೆಯಂಥ ಗೆರೆಗಳು ಏಳುತ್ತವೆ. ಗೂಡಿನಿಂದ ಇಳಿಸಿದಾಗ ಕಾಣದೆ ಎರಡು ತಿಂಗಳ ನಂತರ ಗಿರಾಕಿಯ ಮನೆಯಲ್ಲಿ ಕಾಣಿಸಿಕೊಳ್ಳುವುದು ಇದರ ದುಷ್ಟತನ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟ ಪಾತ್ರೆಗೆ ಸಿಂಕಿನೊಳಗೆ ಕುದಿನೀರು ಹೊಯ್ಯಿರಿ, ಮೂರು ಸಲ ಹೀಗೆ ಮಾಡಿ. ಆಮೇಲೆ ಇಂಕು ಸವರಿ ಒರೆಸಿದರೆ ಗೆರೆಯಿದ್ದಲ್ಲಿ ಇಂಕು ಕೂತಿರುತ್ತದೆ. ಮದ್ದು ಗ್ಲೇಜ್‌ಗೆ ಸಿಲಿಕಾ ಸ್ವಲ್ಪ ಸ್ವಲ್ಪವಾಗಿ ಏರಿಸುವುದು. ಅದಕ್ಕೆ ಮಣಿಯದಿದ್ದರೆ ಆ ಗ್ಲೇಜ್‌ಗೂ ಆ ಮಣ್ಣಿಗೂ ಕೂಡಿಬರುವುದಿಲ್ಲ ಎಂದು ಬಿಟ್ಟುಬಿಡುವುದೇ ಲೇಸು.

ಮೂರನೆಯದು ಹುಳಿ. ಗ್ಲೇಜ್ ಮೇಲೆ ನಿಂಬೆಹೋಳು ಕವುಚಿ ಒಂದು ರಾತ್ರಿ ಬಿಡಿ. ಬಣ್ಣ ಮಾಸಿದರೆ, ಹೊಳಪು ಹೋದರೆ ಅದು ಊಟದ ಪಾತ್ರೆಯ ಗ್ಲೇಜ್ ಅಲ್ಲ. ಮಾಸದಿದ್ದರೆ ಸುರಕ್ಷಿತ ಎಂದೇನೂ ಅಲ್ಲ. ಸೀಸ, ಕ್ಯಾಡ್ಮಿಯಂ ಬಿಡುವುದು ಕಣ್ಣಿಗೆ ಕಾಣುವುದಿಲ್ಲ, ಪ್ರಯೋಗಾಲಯಕ್ಕೇ ಕಳಿಸಬೇಕು. ಯುರೋಪಿನ ಪರೀಕ್ಷೆಯಲ್ಲಿ ಶೇ 4 ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ ತುಂಬಿ 22 ಡಿಗ್ರಿ ಉಷ್ಣತೆಯಲ್ಲಿ 24 ಗಂಟೆ ಬಿಡುತ್ತಾರೆ. ತುಂಬಬಲ್ಲ ಸಾಮಾನ್ಯ ಪಾತ್ರೆಗಳಿಗೆ 1984ರಿಂದ ಇರುವ ಮಿತಿ ಲೀಟರಿಗೆ ಸೀಸ 4 ಮಿಲಿಗ್ರಾಂ, ಕ್ಯಾಡ್ಮಿಯಂ 0.3 ಮಿಲಿಗ್ರಾಂ. ಸೀಸವಿಲ್ಲದ ಗ್ಲೇಜ್ ಕೊಂಡೆವು, ಮುಗಿಯಿತು ಎನ್ನುವಂತಿಲ್ಲ. ಗೂಡು ಸಾಕಷ್ಟು ಕಾಯದಿದ್ದರೆ ತಾಮ್ರದ ಹಸಿರು, ಮ್ಯಾಂಗನೀಸಿನ ಕಪ್ಪು ಕೂಡ ಹುಳಿಗೆ ಬಿಟ್ಟುಕೊಳ್ಳುತ್ತವೆ. ಒಳಗೆ ಬಿಳಿ ಅಥವಾ ಪಾರದರ್ಶಕ ಗ್ಲೇಜ್, ಹೊರಗೆ ಬಣ್ಣ ಎಂಬ ಹಳೆಯ ರೂಢಿಗೆ ಇದೇ ಕಾರಣ.

ಮರದ ಕಥೆ ನೀರಿನದು. ಹೆಚ್ಚುವ ಮಣೆ ಆರು ತಿಂಗಳಲ್ಲಿ ದೋಣಿಯಂತೆ ಬಾಗಿತು, ಅಂಟಿಸಿದ ಗೆರೆ ಬಿಟ್ಟಿತು ಎಂಬ ದೂರುಗಳ ಬೇರು ಹಸಿ ಮರದಲ್ಲಿದೆ. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಬಾಗುವುದು ಇದರಿಂದಲೇ. ಗಾಳಿಗೆ ಒಣಗಿಸಲು ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಒರಟಾದರೂ ಕೈಬಿಡುವಂಥದ್ದಲ್ಲ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಹಲಗೆಯ ತುದಿ ಬಿಟ್ಟು ಒಳಭಾಗದಿಂದ ಒಂದು ತುಂಡು ಕತ್ತರಿಸಿ ತೂಗಿ, 103 ಡಿಗ್ರಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 54 ಗ್ರಾಂ ಇದ್ದದ್ದು 48ಕ್ಕೆ ನಿಂತರೆ ಹೋದ 6 ಗ್ರಾಂ ಅನ್ನು ಒಣ ತೂಕ 48ರಿಂದ ಭಾಗಿಸಬೇಕು: ಶೇ 12.5. ಒಣಹವೆಯ ಮನೆಗಳಿಗೆ ಹೋಗುವ ಮಣೆಗೆ ಇದು ಹೆಚ್ಚು. ಶೇ 8ರ ಆಸುಪಾಸು ಬರುವ ತನಕ ಕಾಯಬೇಕು. ಕಾಯುವುದಕ್ಕೂ ಲೆಕ್ಕವುಂಟು: ವರ್ಷದ ಮೊದಲೇ ಮರ ಕೊಂಡಿಡುವ ಬಂಡವಾಳ. ಮರದ ವ್ಯಾಪಾರಕ್ಕೆ ಇಳಿದವರು ಮೊದಲ ವರ್ಷ ಎಡವುವುದು ಇಲ್ಲಿಯೇ.

ಮಣೆಯ ತುದಿಗೆ ಅಡ್ಡಪಟ್ಟಿ ಕೂರಿಸಿ ಉದ್ದಕ್ಕೂ ಅಂಟು ಹಚ್ಚುವುದು ಇನ್ನೊಂದು ತಪ್ಪು. ಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲ, ಮಣೆ ಅಗಲಕ್ಕೆ ಕುಗ್ಗುತ್ತದೆ, ಜಗಳದಲ್ಲಿ ಮಣೆಯೇ ಸೀಳುತ್ತದೆ. ಅಂಟು ನಡುವಿನ ಎರಡು ಮೂರು ಅಂಗುಲಕ್ಕೆ ಮಾತ್ರ, ಉಳಿದದ್ದು ಜಾರಾಡುವಂತೆ ಇರಬೇಕು.

ಕೊನೆಯ ಹದಕ್ಕೆ 220 ನಂಬರಿನ ಸ್ಯಾಂಡ್‌ಪೇಪರ್ ಮುಗಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಎಳೆಗಳು ನಿಮಿರಿ ಮೈ ಮತ್ತೆ ಒರಟಾಗುತ್ತದೆ. ಮತ್ತೊಮ್ಮೆ ಅದೇ ನಂಬರಿನಲ್ಲಿ ಹಗುರವಾಗಿ ಉಜ್ಜಿ. ಈ ಹೆಜ್ಜೆ ಬಿಟ್ಟರೆ ಗಿರಾಕಿ ಮೊದಲ ಸಲ ತೊಳೆದ ಕೂಡಲೇ ಸೌಟು ಮುಳ್ಳುಮುಳ್ಳಾಗುತ್ತದೆ. ಎಣ್ಣೆಯಲ್ಲಿ ಎರಡು ಜಾತಿ: ಮಿನರಲ್ ಆಯಿಲ್ ಎಂದೂ ಗಟ್ಟಿಯಾಗುವುದಿಲ್ಲ, ತೊಳೆದಂತೆ ಹೋಗುತ್ತದೆ, ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು ಎಂದು ಚೀಟಿಯಲ್ಲಿ ಬರೆಯಲೇಬೇಕು. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಆತುರದಲ್ಲಿ ಪೆಟ್ಟಿಗೆ ಕಟ್ಟಿದರೆ ಅಂಟಂಟಾಗಿ, ಕಮಟು ವಾಸನೆಯೊಡನೆ ಗಿರಾಕಿಯ ಕೈ ಸೇರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಕಾವು ಮುದ್ದೆಯೊಳಗೆ ಕೂಡಿಕೊಂಡು ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ, ಮರದ ಹೊಟ್ಟು ತುಂಬಿದ ಕೆಲಸದ ಕೋಣೆಯಲ್ಲಿ ಅಷ್ಟು ಸಾಕು. ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು.

ಬಿದಿರಿನ ಶತ್ರು ಕುಟ್ಟೆ ಹುಳ. ಅದು ಬರುವುದು ಬಿದಿರಿನಲ್ಲಿರುವ ಪಿಷ್ಟಕ್ಕಾಗಿ. ಬುಟ್ಟಿ ಹೆಣೆದಾಗ ಏನೂ ಕಾಣದು. ತಿಂಗಳ ಮೇಲೆ ಕಪಾಟಿನಲ್ಲಿ ಹಿಟ್ಟಿನಂಥ ಪುಡಿ ಉದುರಲು ಶುರು. ಮೂರು ನಾಲ್ಕು ವರ್ಷ ಬಲಿತ ಗಳ, ಹೆಣೆಯುವ ಮೊದಲು ಕೆಲವು ವಾರ ನೀರಿನಲ್ಲಿ ನೆನೆಹಾಕಿ ಪಿಷ್ಟ ಕರಗಿಸುವುದು ಹಳೆಯ ದಾರಿ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಶೇ 5ರ ದ್ರಾವಣದಲ್ಲಿ ಅದ್ದುವುದು ಈಗಿನ ದಾರಿ, ಆದರೆ ತಿನ್ನುವ ಪದಾರ್ಥ ಇಡುವ ಬುಟ್ಟಿಗೆ ಅದು ಬೇಡ. ಬಟ್ಟೆಯ ಬಗ್ಗೆ ಹೇಳುವುದು ಕಡಿಮೆ: ಕತ್ತರಿಸುವ ಮೊದಲು ತೊಳೆಯಿರಿ. 50 ಸೆಂಟಿಮೀಟರ್ ಚೌಕ ಗುರುತು ಹಾಕಿ ಮೂರು ಸಲ ಒಗೆದಾಗ 47.5ಕ್ಕೆ ಬಂದರೆ ಶೇ 5 ಕುಗ್ಗಿತು. ಆ ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿದರೆ ಮೊದಲ ಒಗೆತದ ನಂತರ ದಿಂಬು ಒಳಗೆ ಹೋಗುವುದಿಲ್ಲ.

ಗಾಳಿಗೆ ಕೊಡುವ ಬಾಡಿಗೆ

ಕೊರಿಯರ್ ಕಂಪನಿಗಳು ತೂಕ ಮತ್ತು ಗಾತ್ರ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. ಬಹಳ ಕಡೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 30, 25, 20ರ ಪೆಟ್ಟಿಗೆಯ ಗುಣಲಬ್ಧ 15,000. ಭಾಗಿಸಿದರೆ 3 ಕಿಲೊ. ಒಳಗಿನ ಬಟ್ಟಲು, ಹೊದಿಕೆ ಸೇರಿ 900 ಗ್ರಾಂ. ಎರಡು ಕಿಲೊಗೂ ಮೀರಿ ಗಾಳಿಗೆ ಬಾಡಿಗೆ. ಬುಟ್ಟಿ ಮಾರುವವರಿಗೆ ಇದು ಇನ್ನೂ ಕ್ರೂರ. ಅದಕ್ಕೇ ಒಂದರೊಳಗೊಂದು ಕೂರುವ ಮೂರು ಬುಟ್ಟಿಗಳ ಸೆಟ್ ಒಂಟಿ ಬುಟ್ಟಿಗಿಂತ ಲಾಭದ್ದು. ಸಾಗಣೆಯ ಲೆಕ್ಕವನ್ನು ವಿನ್ಯಾಸ ಗೀಚುವಾಗಲೇ ಹಾಕಬೇಕು. ಪೆಟ್ಟಿಗೆಯ ಅಳತೆಯನ್ನು ಎರಡು ಮೂರಕ್ಕೆ ಸೀಮಿತ ಮಾಡಿಕೊಂಡು, ಅದಕ್ಕೆ ಹೊಂದುವಂತೆ ಪಾತ್ರೆಯ ಎತ್ತರ ನಿಗದಿ ಮಾಡಿದರೆ ತಪ್ಪೇನಿಲ್ಲ. ಮಣ್ಣು ಕುಗ್ಗುವುದನ್ನೂ ಸೇರಿಸಿಕೊಳ್ಳಿ: ಶೇ 12 ಕುಗ್ಗುವ ಮಣ್ಣಿನಲ್ಲಿ 9 ಸೆಂಟಿಮೀಟರ್ ಲೋಟ ಬೇಕೆಂದರೆ 9ನ್ನು 0.88ರಿಂದ ಭಾಗಿಸಿ, ಹಸಿಯಲ್ಲಿ 10.2 ಸೆಂಟಿಮೀಟರ್ ಎತ್ತಬೇಕು.

ಒಡೆಯುವ ಮಾಲಿಗೆ ಪ್ರತಿ ಬದಿಯಲ್ಲೂ 5 ಸೆಂಟಿಮೀಟರ್ ಮೆತ್ತೆ ಇರಬೇಕು. ಪೆಟ್ಟಿಗೆ ಅಲ್ಲಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ. ಮಗ್ ಒಡೆಯುವುದು ಹೆಚ್ಚಾಗಿ ಹಿಡಿಯಲ್ಲಿ, ಹಿಡಿಯ ಸಂದಿಯನ್ನು ಖಾಲಿ ಬಿಟ್ಟಿದ್ದರಿಂದ. ಆ ಕಿಂಡಿಗೆ ಕಾಗದ ತುಂಬಿ, ಆಮೇಲೆ ಪೂರ್ತಿ ಸುತ್ತಬೇಕು. ಹೊಸ ಪ್ಯಾಕಿಂಗ್ ಮಾಡಿದಾಗ ಎರಡನೇ ದರ್ಜೆಯ ಮಾಲನ್ನು ಒಳಗಿಟ್ಟು ಸೊಂಟದೆತ್ತರಕ್ಕಿಂತ ತುಸು ಕೆಳಗಿನಿಂದ, ಸುಮಾರು 76 ಸೆಂಟಿಮೀಟರಿನಿಂದ, ಹತ್ತು ಸಲ ಬೀಳಿಸಿ: ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆರು ಮುಖ. ಹತ್ತು ಕಿಲೊಗಿಂತ ಕಡಿಮೆ ತೂಕದ ಪೊಟ್ಟಣಗಳಿಗೆ ಪ್ಯಾಕಿಂಗ್ ಉದ್ಯಮ ಅನುಸರಿಸುವ ಪರೀಕ್ಷೆ ಇದೇ. 'ಒಡೆಯುವ ವಸ್ತು' ಎಂಬ ಕೆಂಪು ಚೀಟಿಯ ಮೇಲೆ ಭರವಸೆ ಇಡಬೇಡಿ.

ಗಡಿ ದಾಟಿ ಮಾರುವವರಿಗೆ ಈಚೆಗೆ ಎರಡು ಬಾಗಿಲುಗಳು ಕಿರಿದಾಗಿವೆ. ಯುರೋಪಿಯನ್ ಒಕ್ಕೂಟದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ತಯಾರಕರ ಹೆಸರು, ಅಂಚೆ ಮತ್ತು ಮಿಂಚಂಚೆ ವಿಳಾಸ ಮಾಲಿನ ಜೊತೆಗಿರಬೇಕು, ಒಕ್ಕೂಟದೊಳಗೆ ಜವಾಬ್ದಾರರೊಬ್ಬರು ಇರಬೇಕು. ಒಬ್ಬರೇ ಕೂತು ಮಗ್ ಮಾಡುವವರಿಗೂ ದೊಡ್ಡ ಕಂಪನಿಗೂ ಒಂದೇ ನಿಯಮ. ಅಮೆರಿಕ 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಒಂದೊಂದೇ ಬಟ್ಟಲನ್ನು ಹೊರದೇಶದ ಗಿರಾಕಿಗೆ ಕಳಿಸುವ ಲೆಕ್ಕ ಈಗ ಹಿಂದಿನಂತೆ ಕೂಡುವುದಿಲ್ಲ. ಸುಂಕದ ಜೊತೆ ಕಾಗದಪತ್ರದ ನಿಮಿಷಗಳನ್ನೂ ಪಟ್ಟಿಗೆ ಸೇರಿಸಬೇಕು.

ಕಂತಿನ ನಂಬರು

ನಿಮಿಷ ಬರೆಯುವ ಪುಸ್ತಕಕ್ಕೆ ಇನ್ನೊಂದು ಕಾಲಂ ಸೇರಿಸಿದರೆ ಅದು ಎರಡು ಕೆಲಸ ಮಾಡುತ್ತದೆ. ಪ್ರತಿ ಕಂತಿಗೂ ಒಂದು ನಂಬರು, ಅದರೆದುರು ಮಣ್ಣಿನ ಚೀಲದ ಗುರುತು, ಗ್ಲೇಜ್ ಕಲಸಿದ ತಾರೀಖು, ಯಾವ ಹಲಗೆಯ ಮೇಲೆ ಸುಟ್ಟದ್ದು, ಕೋನ್ ಎಷ್ಟು ಬಾಗಿತ್ತು. ಮರವಾದರೆ ಯಾವ ದಿಮ್ಮಿ, ತೇವ ಎಷ್ಟು, ಎಣ್ಣೆ ಹಚ್ಚಿದ ದಿನ. ಆ ನಂಬರನ್ನು ಹಸಿ ಮಣ್ಣಿನ ಬುಡದಲ್ಲಿ ಮುದ್ರೆಯ ಪಕ್ಕ ಒತ್ತಬೇಕು, ಮಣೆಯ ಅಂಚಿನಲ್ಲಿ ಸಣ್ಣದಾಗಿ ಸುಡಬೇಕು.

ಗಿರಾಕಿಯೊಬ್ಬರು 'ಒಳಗೆ ಗೆರೆ ಬಿದ್ದಿದೆ' ಎಂದು ಫೋಟೊ ಕಳಿಸುತ್ತಾರೆ. ಬುಡದ ಫೋಟೊ ಕೇಳಿ. ನಂಬರು 31 ಎನ್ನೋಣ. ಪುಸ್ತಕದಲ್ಲಿ 31ನೆಯ ಕಂತು ಕೆಳಗಿನ ಹಲಗೆಯದು, ಕೋನ್ ಅರ್ಧವಷ್ಟೇ ಬಾಗಿತ್ತು, ಗ್ಲೇಜ್ ಹೊಸದಾಗಿ ಕಲಸಿದ ಬಕೆಟ್ಟಿನದು. ಆ ಬಕೆಟ್ಟಿನಲ್ಲಿ ಅದ್ದಿದ ಕಂತುಗಳು 31 ಮತ್ತು 32. ಅವುಗಳಲ್ಲಿ ಮಾರದೆ ಉಳಿದ ಹದಿನೈದು ಮಗ್ ಕಪಾಟಿನಲ್ಲಿವೆ. ಅವನ್ನು ಇಳಿಸಿ, ಫ್ರೀಜರ್‌ಗೆ ಹಾಕಿ, ಕೆಟಲ್ ಒಲೆಯ ಮೇಲಿಡಬೇಕು.